ಅರ್ಥ ಬಂತು, ಓದು ಬರಲಿಲ್ಲ: ಹೈಸಿಗ್ ಅವರ ಕಾಂಜಿ ಪುಸ್ತಕ

ಮೇಷ್ಟ್ರಿಲ್ಲದೆ ಜಪಾನಿ ಭಾಷೆ ಕಲಿಯಲು ಕೂತ ಕನ್ನಡಿಗರನ್ನು ವ್ಯಾಕರಣ ಅಷ್ಟಾಗಿ ಕಾಡುವುದಿಲ್ಲ. ಕ್ರಿಯಾಪದ ನಮ್ಮಲ್ಲಿಯಂತೆ ಕೊನೆಗೇ ಬರುತ್ತದೆ. ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯಗಳು ನಾಮಪದದ ಬೆನ್ನಿಗೇ ಇರುತ್ತವೆ. ಹಿರಗಾನ, ಕತಕಾನ ಲಿಪಿಗಳ ಮೂಲ ಅಕ್ಷರಗಳು ತಲಾ 46. ಪಟ್ಟಾಗಿ ಕೂತರೆ ಬೇಗ ಕೈಗೆ ಬರುತ್ತವೆ. ಹವ್ಯಾಸಿಗಳು ಕೈಚೆಲ್ಲುವುದು ಕಾಂಜಿಯ, ಅಂದರೆ ಚೀನೀ ಮೂಲದ ಲಿಪಿಚಿಹ್ನೆಗಳ ಮುಂದೆ. ದಿನಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲೇ 2,136 ಕಾಂಜಿಗಳಿವೆ. ಅದಕ್ಕೆ ಕೈಹಾಕುವವರಲ್ಲಿ ಅನೇಕರು ಮೊರೆಹೋಗುವ ಪುಸ್ತಕ ಜೇಮ್ಸ್ ಹೈಸಿಗ್ ಅವರ ‘ರಿಮೆಂಬರಿಂಗ್ ದ ಕಾಂಜಿ’.

ಹೈಸಿಗ್ ಅವರ ಉಪಾಯ ಸರಳ. ಕಾಂಜಿಯನ್ನು ಭಾಗಗಳಾಗಿ ಬಿಡಿಸಿ, ಭಾಗಕ್ಕೊಂದು ಹೆಸರಿಟ್ಟು, ಹೆಸರುಗಳನ್ನು ಸೇರಿಸಿ ಕಥೆ ಕಟ್ಟಬೇಕು. ಎಡಕ್ಕೆ ಮನುಷ್ಯ, ಬಲಕ್ಕೆ ಮರ: ಮರಕ್ಕೊರಗಿದ ಮನುಷ್ಯ, ಅಂದರೆ ‘ವಿಶ್ರಾಂತಿ’. ಇದನ್ನು ಒಮ್ಮೆ ಕಲಿತವರು ಮರೆಯುವುದು ಕಷ್ಟ. ಕಲಿಸುವ ಕ್ರಮ ಜಪಾನಿನ ಶಾಲೆಗಳದ್ದಲ್ಲ. ಮೊದಲು ಸಣ್ಣ ಭಾಗ, ಆಮೇಲೆ ಅದನ್ನು ಒಳಗೊಂಡ ದೊಡ್ಡ ಕಾಂಜಿ. ಶುರುವಿನಲ್ಲಿ ಪೂರ್ತಿ ಕಥೆ ಹೇಳುವ ಲೇಖಕರು ಬರಬರುತ್ತಾ ಎಳೆಯನ್ನಷ್ಟೇ ಕೊಡುತ್ತಾರೆ. ಕೊನೆಗೆ ಭಾಗಗಳ ಹೆಸರು ಹೇಳಿ ಕಥೆಯನ್ನು ಓದುಗರಿಗೇ ಬಿಡುತ್ತಾರೆ. ಪುಸ್ತಕದ ಜಾಣತನ ಇರುವುದು ಇಲ್ಲಿ. ತಾವೇ ಕಟ್ಟಿದ ಕಥೆ ತಲೆಯಲ್ಲಿ ನಿಲ್ಲುತ್ತದೆ. ಅದು ಕನ್ನಡದಲ್ಲಿದ್ದರೂ ಆಯಿತು, ಅದರಲ್ಲಿ ಅಜ್ಜಿಯ ಬೈಗುಳ ಬಂದರೂ ಆಯಿತು.

ತೊಡಕಿರುವುದು ಪುಸ್ತಕ ಬೇಕೆಂದೇ ಬಿಟ್ಟದ್ದರಲ್ಲಿ. ಮೊದಲ ಸಂಪುಟ ಉಚ್ಚಾರಣೆಯ ಸುದ್ದಿಗೇ ಹೋಗುವುದಿಲ್ಲ. ಅದು ಎರಡನೆಯ ಸಂಪುಟದ ಪಾಲು. ಆರನೆಯ ಆವೃತ್ತಿಯ 2,200 ಕಾಂಜಿಗಳನ್ನು ಮುಗಿಸಿದವರೂ, ಇದೊಂದನ್ನೇ ಓದಿದ್ದರೆ, ಅಂಗಡಿಯ ಬೋರ್ಡನ್ನು ಗಟ್ಟಿಯಾಗಿ ಓದಲಾರರು. ಪ್ರತಿ ಕಾಂಜಿಗೂ ಇಲ್ಲಿ ಒಂದೇ ಇಂಗ್ಲಿಷ್ ಪದ. ‘ಮುಂಚೆ’ ಎಂಬ ಕಾಂಜಿಯ ಪಕ್ಕ ‘ಜೀವ’ ಎಂಬ ಕಾಂಜಿ ಬಂದರೆ ‘ಸೆನ್ಸೇ’, ಅಂದರೆ ಮೇಷ್ಟ್ರು. ಅದೇ ‘ಜೀವ’ ಬಿಯರ್ ಎಂಬ ಪದಕ್ಕೆ ಮೊದಲು ಬಂದರೆ ‘ನಾಮಾ’. ಆಗ ಅದು ಡ್ರಾಫ್ಟ್ ಬಿಯರ್. ಒಂದೇ ಪದ ಬಾಯಿಪಾಠ ಮಾಡಿಕೊಂಡವರಿಗೆ ಎರಡರ ಸುಳಿವೂ ಸಿಗದು.

ಚೀನೀಯರು ಅರ್ಥ ಮತ್ತು ಬರವಣಿಗೆ ಗೊತ್ತಿದ್ದೇ ಜಪಾನಿ ಕಲಿಕೆಗೆ ಬರುತ್ತಾರೆ, ಉಳಿದವರೂ ಅದನ್ನೇ ಮೊದಲು ಮುಗಿಸಿಕೊಳ್ಳಲಿ ಎನ್ನುವುದು ಹೈಸಿಗ್ ವಾದ. ಈ ವಾದ ಅರ್ಧ ಮಾತ್ರ ಸರಿ. ಚೀನೀಯರಿಗೆ ಆ ಚಿಹ್ನೆಗಳ ಜೊತೆ ತಮ್ಮ ನುಡಿಯ ದನಿ, ಪದ, ವಾಕ್ಯ ಎಲ್ಲವೂ ಗೊತ್ತಿರುತ್ತವೆ. ಹೈಸಿಗ್ ಓದಿದವರ ಬಳಿ ಇರುವುದು ಇಂಗ್ಲಿಷ್ ಪದಗಳ ಪಟ್ಟಿ.

ಜಪಾನಿ ಭಾಷೆಯ ಸಾಮರ್ಥ್ಯ ಅಳೆಯಲು ಬೆಂಗಳೂರಿನಲ್ಲೂ ನಡೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಕಾಂಜಿಯನ್ನು ಕೈಯಲ್ಲಿ ಬರೆಯುವ ಪ್ರಶ್ನೆಯೇ ಇಲ್ಲ. ಪದ ಗುರುತಿಸಬೇಕು, ಓದಿ ತಿಳಿಯಬೇಕು. ಹಾಗಾಗಿ ಈ ಪುಸ್ತಕ ಒತ್ತಿಹೇಳುವ ಬರವಣಿಗೆಯಿಂದ ಅಂಕ ಬರದು. ಹವ್ಯಾಸಿಗೆ ಅದೇನೂ ನಷ್ಟವಲ್ಲ. ಭಾಷೆಯನ್ನು ಮುಂದಕ್ಕೆ ಹಾಕುವುದು ಮಾತ್ರ ನಷ್ಟ. ಕಾಂಜಿ ಮುಗಿಸಿ ಆಮೇಲೆ ಭಾಷೆ ಶುರುಮಾಡೋಣ ಎಂದವರಿಗೆ ತಿಂಗಳುಗಟ್ಟಲೆ ಕೂತರೂ ಜಪಾನಿಯ ಒಂದು ವಾಕ್ಯ ಸಿಗುವುದಿಲ್ಲ.

ಮೊದಲ ಸಂಪುಟ ಕೊಳ್ಳಲು ಯೋಗ್ಯ. ಆದರೆ ಅದು ‘ಗೆಂಕಿ’ ಅಥವಾ ‘ಮಿನ್ನಾ ನೊ ನಿಹೊಂಗೊ’ದಂಥ ಪಠ್ಯದ ಪಕ್ಕದಲ್ಲಿರಲಿ. ಆಕಾರ ನೆನಪಿಡಲು ಹೈಸಿಗ್ ಕಥೆ ಸಾಕು. ಉಚ್ಚಾರಣೆಯನ್ನು ಮಾತ್ರ ಪಾಠದಲ್ಲಿ ಬಂದ ಪದಗಳಿಂದಲೇ ಕಲಿಯಿರಿ.