ಹಸೆಗೋಡೆಯಿಂದ ಗಣಕದ ತೆರೆಗೆ: ದೀವರ ಚಿತ್ತಾರದ ಮಾಧ್ಯಮ ಪಲ್ಲಟ

ಸೊರಬ ತಾಲ್ಲೂಕಿನ ಗುಡವಿ ಹೊರಜಗತ್ತಿಗೆ ಪರಿಚಿತವಾಗಿರುವುದು ಅಲ್ಲಿನ ಪಕ್ಷಿಧಾಮದಿಂದ. ಮಳೆಗಾಲದಲ್ಲಿ ಕೆರೆಯ ಮರಗಳ ಮೇಲೆ ಗೂಡುಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳು ಅಸಂಖ್ಯ ಛಾಯಾಚಿತ್ರಗಳಲ್ಲಿ ದಾಖಲಾಗಿವೆ. ಇದೇ ಸೀಮೆಯ ದೀವರ ಮನೆಗಳ ಗೋಡೆಚಿತ್ತಾರದಲ್ಲಿಯೂ ಹಕ್ಕಿಗಳಿವೆ. ಅವು ಯಾವ ಪ್ರಭೇದದವೆಂದು ಹೇಳಬರುವಂಥವಲ್ಲ. ಕೆಲವೇ ಎಳೆಗಳಲ್ಲಿ ಮೂಡಿ ಸಾಲುಗೂಡಿ ಕುಳಿತಂಥವು. ಛಾಯಾಚಿತ್ರದ ಹಕ್ಕಿ ಪಕ್ಷಿಧಾಮದ ದಾಖಲೆಯಾದರೆ, ಚಿತ್ತಾರದ ಹಕ್ಕಿ ಮನೆಯ ಮಂಗಳಕಾರ್ಯದ ಅಂಗ. ಈ ಚಿತ್ತಾರ ಗೋಡೆಯಿಂದ ಕಾಗದಕ್ಕೆ, ಅಲ್ಲಿಂದ ಗಣಕದ ತೆರೆಗೆ ಸಾಗುವಾಗ ಉಳಿಯುವುದೇನು, ಅಳಿಯುವುದೇನು ಎಂಬುದು ಇಲ್ಲಿನ ವಿವೇಚನೆಯ ವಿಷಯ.

ಸಾಗರ, ಸೊರಬ, ಸಿದ್ದಾಪುರ ಮುಂತಾದ ಭಾಗಗಳಲ್ಲಿ ನೆಲೆಸಿರುವ ದೀವರ ಬದುಕು ಭತ್ತದ ಬೇಸಾಯಕ್ಕೆ ಹೊಂದಿಕೊಂಡದ್ದು. ಅವರ ಚಿತ್ತಾರದ ಸಾಮಗ್ರಿಯೂ ಬಹುಪಾಲು ಗದ್ದೆಯಿಂದಲೇ ಬಂದುದು. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಹುರಿದು ಸೀಯಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಹಿನ್ನೆಲೆಗೆ ಕೆಮ್ಮಣ್ಣು. ಪುಂಡಿಯ ನಾರೇ ಕುಂಚ. ಮದುವೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಬರೆಯುವ ಹಸೆಚಿತ್ತಾರ ಇದರ ಪ್ರಮುಖ ರೂಪ. ಭೂಮಿ ಹುಣ್ಣಿಮೆಯಂದು ನಸುಕಿನಲ್ಲಿ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಚಿತ್ತಾರ ಮತ್ತೊಂದು. ಬರೆಯುವವರು ಹೆಂಗಸರು. ಬರೆದವಳ ಹೆಸರು ಊರಿಗೆ ಗೊತ್ತಿರುತ್ತದೆ, ಗೋಡೆಯ ಮೇಲೆ ಇರುವುದಿಲ್ಲ. ಮಳೆ, ಹೊಗೆ, ಮರುಸಾರಣೆಗಳಿಂದ ಚಿತ್ತಾರ ಅಳಿಯುತ್ತದೆ. ಮುಂದಿನ ಸಂದರ್ಭಕ್ಕೆ ಮತ್ತೆ ಹುಟ್ಟುತ್ತದೆ. ಅಳಿಯುವುದು ಈ ಕಲೆಯ ದೋಷವಲ್ಲ. ಅದು ಮುಂದಿನ ತಲೆಮಾರಿನ ಕೈಗೆ ಕೆಲಸ ಒದಗಿಸುವ ವ್ಯವಸ್ಥೆ.

ಆದ್ದರಿಂದ ಮೊದಲ ದೊಡ್ಡ ಪಲ್ಲಟವನ್ನು ಗಣಕದಲ್ಲಿ ಹುಡುಕುವುದು ಸರಿಯಾಗದು. ಗೋಡೆಯಿಂದ ಕಾಗದಕ್ಕೆ ಬಂದಾಗಲೇ ಅದು ಸಂಭವಿಸಿತು. ಈಶ್ವರ ನಾಯ್ಕ ಹಸುವಂತೆ, ರಾಧಾ ಸುಳ್ಳೂರು ಅವರಂಥ ಕಲಾವಿದರು ಚಿತ್ತಾರವನ್ನು ಮನೆಯ ಹೊರಗಿನ ನೋಡುಗರಿಗೆ ಪರಿಚಯಿಸಿದರು. ಸಂದರ್ಭದಿಂದ ಬಿಡುಗಡೆಗೊಂಡ ಚಿತ್ತಾರ ಆಗ ಕೊಳ್ಳಬಹುದಾದ, ಸಹಿ ಹಾಕಬಹುದಾದ ಕೃತಿಯಾಯಿತು. ಇದಕ್ಕೆ ಭಾರತದ ಬೇರೆಡೆಗಳಲ್ಲಿ ನಿದರ್ಶನಗಳಿವೆ. 1960ರ ದಶಕದ ಬರಗಾಲದಲ್ಲಿ ಮಿಥಿಲೆಯ ಹೆಂಗಸರಿಗೆ ಚಿತ್ರ ಬರೆಯಲು ಕಾಗದ ನೀಡಲಾಯಿತು. ಸೀತಾದೇವಿ, ಗಂಗಾದೇವಿ ಎಂಬ ಹೆಸರುಗಳು ಕಾಗದದ ಮೂಲಕವೇ ಬೆಳಕಿಗೆ ಬಂದವು. ಹೆಂಗಸರು ವಿವಾಹಕ್ಕಾಗಿ ಬರೆಯುತ್ತಿದ್ದ ವಾರ್ಲಿ ಚಿತ್ರ 1970ರ ದಶಕದಲ್ಲಿ ಕಾಗದಕ್ಕೆ ಬಂದಾಗ ಮುನ್ನೆಲೆಗೆ ಬಂದವರು ಜಿವ್ಯಾ ಸೋಮಾ ಮಾಶೆ ಎಂಬ ಪುರುಷ ಕಲಾವಿದರು. ಒಂದೇ ಕಾಗದ ಒಂದೆಡೆ ಹೆಣ್ಣಿಗೆ ಹೆಸರು ತಂದಿತು, ಇನ್ನೊಂದೆಡೆ ಆಕೆಯನ್ನು ಹಿನ್ನೆಲೆಗೆ ಸರಿಸಿತು. ಮಾಧ್ಯಮ ತಾನಾಗಿಯೇ ಫಲಿತವನ್ನು ನಿರ್ಧರಿಸುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಗಣಕದ ಪಲ್ಲಟ ಬೇರೆ ಬಗೆಯದು. ಅದು ಎಳೆಯ ವ್ಯಾಕರಣವನ್ನೇ ಮುಟ್ಟುತ್ತದೆ. ಚಿತ್ತಾರದಲ್ಲಿ ಎಳೆಯ ದಪ್ಪವನ್ನು ನಿಶ್ಚಯಿಸುವುದು ಪುಂಡಿ ನಾರು. ಗೋಡೆ ದೊಡ್ಡದಾದರೆ ಎಳೆ ದಪ್ಪವಾಗುವುದಿಲ್ಲ, ಎಳೆಗಳ ಸಂಖ್ಯೆ ಹೆಚ್ಚುತ್ತದೆ. ಒಂದೆಳೆಯ ಜಾಗದಲ್ಲಿ ಎರಡೆಳೆ, ಎರಡರ ಜಾಗದಲ್ಲಿ ನಾಲ್ಕು ಬರುತ್ತವೆ. ಅಂದರೆ ಇಲ್ಲಿ ಹಿಗ್ಗುವಿಕೆ ಎಣಿಕೆಯ ಕೆಲಸ. ಗಣಕದ ವೆಕ್ಟರ್ ಚಿತ್ರವನ್ನು ಹಿಗ್ಗಿಸಿದಾಗ ಸಾಮಾನ್ಯವಾಗಿ ಎಳೆಯೂ ಜೊತೆಗೆ ಉಬ್ಬುತ್ತದೆ, ಎಣಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಅಂಗೈಯಗಲದ ಬುಟ್ಟಿಯ ವಿನ್ಯಾಸವನ್ನು ಗೋಡೆಯಗಲಕ್ಕೆ ಮುದ್ರಿಸಿದಾಗ ಅದು ಚಿತ್ತಾರದಂತೆ ಕಂಡರೂ ಚಿತ್ತಾರದ ಲೆಕ್ಕಕ್ಕೆ ತಪ್ಪಿರುತ್ತದೆ. ಎಳೆಯ ದಪ್ಪವನ್ನು ಸ್ಥಿರವಾಗಿರಿಸುವ ಅನುಕೂಲ ಅದೇ ತಂತ್ರಾಂಶದಲ್ಲಿದೆ. ಆದರೆ ಹೊಸ ಎಳೆಗಳನ್ನು ಎಲ್ಲಿ ಸೇರಿಸಬೇಕೆಂಬ ಅರಿವು ಬರೆಯುವವರಲ್ಲಿ ಇರಬೇಕು. ಕೊರತೆ ಯಂತ್ರದ್ದಲ್ಲ, ಪರಂಪರೆಯ ವ್ಯಾಕರಣ ತಿಳಿಯದ ಕೈಯದು.

ಪುನರಾವರ್ತನೆಯ ವಿಷಯವೂ ಹೀಗೆಯೇ. ಚಿತ್ತಾರವೇ ಪುನರಾವರ್ತನೆಯ ಕಲೆಯಾದ್ದರಿಂದ ಗಣಕದ ನಕಲು ಅದಕ್ಕೆ ಸಹಜವೆಂದು ವಾದಿಸುವುದುಂಟು. ಈ ವಾದ ಅರ್ಧ ಸತ್ಯ. ಕೈ ಬರೆಯುವ ಪ್ರತಿ ಎಳೆಯೂ ಪಕ್ಕದ ಎಳೆಯನ್ನು ನೋಡಿಕೊಂಡು ಬರುತ್ತದೆ. ಒಂದು ತುಸು ಬಾಗಿದರೆ ಮುಂದಿನದು ಅದನ್ನು ಸರಿದೂಗಿಸುತ್ತದೆ. ನಕಲಾದ ಎಳೆಗೆ ನೆರೆಹೊರೆಯಿಲ್ಲ. ಹಾಗೆಂದು ಡಿಜಿಟಲ್ ಕಲೆಯನ್ನು ಅಪಚಾರವೆಂದು ತಳ್ಳಿಹಾಕುವುದು ಅವಿವೇಕವಾದೀತು. ಮಣ್ಣಿನ ಗೋಡೆಗಳು ಸಿಮೆಂಟಿನವಾದ ಮೇಲೆ ಕೆಮ್ಮಣ್ಣಿನ ಸಾರಣೆಗೆ ಜಾಗವೇ ಕಿರಿದಾಗಿದೆ. ತೆರೆಯ ಮೇಲೆ ಚಿತ್ತಾರ ಕಲಿಯುವ ಹುಡುಗಿಗೆ ಅದೇ ಮೊದಲ ಗೋಡೆಯಾಗಬಹುದು.

ಹೆಚ್ಚು ಗಂಭೀರವಾದುದು ಒಡೆತನದ ಪ್ರಶ್ನೆ. ಒಮ್ಮೆ ಕಡತವಾದ ವಿನ್ಯಾಸ ಸೀರೆಯ ಅಂಚಿಗೋ ಆಮಂತ್ರಣ ಪತ್ರಿಕೆಗೋ ಮೂಲದ ಉಲ್ಲೇಖವಿಲ್ಲದೆ ಸಾಗಬಲ್ಲದು. 1957ರ ಕೃತಿಸ್ವಾಮ್ಯ ಕಾಯ್ದೆ ಮುಖ್ಯವಾಗಿ ಗುರುತಿಸಬಹುದಾದ ಕರ್ತೃವನ್ನು ಆಧರಿಸಿದ್ದು. ಸಮುದಾಯದ ಕರ್ತೃತ್ವ ಅದರ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. 1999ರ ಭೌಗೋಳಿಕ ಸೂಚಕಗಳ ಕಾಯ್ದೆ ರಕ್ಷಿಸುವುದು ಪ್ರಧಾನವಾಗಿ ಹೆಸರನ್ನು. ಬೇರೆ ಹೆಸರಿನಲ್ಲಿ ವಿನ್ಯಾಸವನ್ನು ಎತ್ತಿಕೊಂಡವರನ್ನು ಅದು ತಡೆಯಲಾರದು. ಗೋಡೆಯ ಮೇಲೆ ಸಹಿಯಿಲ್ಲದಿದ್ದುದು ಊರೊಳಗೆ ಕೊರತೆಯಾಗಿರಲಿಲ್ಲ; ತೆರೆಯ ಮೇಲೆ ಅದೇ ಅನಾಮಿಕತೆ ಆಕೆಯ ಹಕ್ಕನ್ನು ಕಸಿಯುವ ದಾರಿಯಾಗುತ್ತದೆ.

ಈ ಹಿನ್ನೆಲೆಯಲ್ಲಿ ಜಾನಪದ ಸಂಗ್ರಹಕಾರರ ಹೊಣೆ ಮುಗಿದ ಚಿತ್ರದ ಛಾಯಾಪ್ರತಿಗೆ ನಿಲ್ಲಬಾರದು. ಎಳೆಗಳು ಬಂದ ಅನುಕ್ರಮ, ಆಡಿದ ಮಾತು, ಹಸೆಗೆ ಕರೆಯುವ ಹಾಡು, ಬರೆದವಳ ಹೆಸರು ಮತ್ತು ಒಪ್ಪಿಗೆ ಇವೆಲ್ಲವೂ ಒಂದೇ ದಾಖಲೆಯಲ್ಲಿ ಸೇರಬೇಕು. ಕಾಗದಕ್ಕೆ ಇದನ್ನೆಲ್ಲ ಹಿಡಿದಿಡುವ ಶಕ್ತಿಯಿಲ್ಲ. ಚಲನೆಯನ್ನೂ ದನಿಯನ್ನೂ ಒಟ್ಟಿಗೆ ಉಳಿಸಬಲ್ಲ ಡಿಜಿಟಲ್ ಮಾಧ್ಯಮಕ್ಕೆ ಆ ಶಕ್ತಿಯಿದೆ. ಅದನ್ನು ಕೇವಲ ವಿನ್ಯಾಸದ ಭಂಡಾರವಾಗಿ ಬಳಸಿದರೆ ಚಿತ್ತಾರ ಅಲಂಕಾರವಾಗಿ ಉಳಿದೀತು. ಬರೆಯುವ ಕ್ರಿಯೆಯ ಸ್ಮೃತಿಯಾಗಿ ಬಳಸಿದರೆ ಮುಂದಿನ ಚಿತ್ತಾರಗಿತ್ತಿಗೆ ಪಾಠವಾದೀತು.