ಹಂಗಳದಿಂದ ದ್ವಾರಕೆಗೆ: ಒಂದು ವಂಶಾವಳಿಯ ಓದು

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹೋಗುವವರು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಬುಡದಲ್ಲಿ ಬಸ್ ಹತ್ತಿ, 1454 ಮೀಟರ್ ಎತ್ತರದ ಮಂಜಿನಲ್ಲಿ ಕೊಳಲೂದುವ ಕೃಷ್ಣನನ್ನು ಕಂಡು ಇಳಿಯುವ ನಮಗೆ ಹಂಗಳ ಬರೀ ಒಂದು ತಿರುವು. ಆದರೆ ತಿರುಮಲಾರ್ಯನ ‘ಚಿಕದೇವರಾಜ ವಂಶಾವಳಿ’ಯನ್ನು ಓದಲು ಈ ಊರಿನಿಂದಲೇ ಶುರುಮಾಡಬೇಕು ಎಂದು ನನಗನ್ನಿಸುತ್ತದೆ.

ಚಿಕ್ಕದೇವರಾಜ ಒಡೆಯರು 1673ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದರು. ಅದಕ್ಕೆ ಮೊದಲು, ಚಿಕ್ಕಪ್ಪ ಆಳುತ್ತಿದ್ದ ಕಾಲದಲ್ಲಿ, ಅವರನ್ನು ಹಂಗಳದಲ್ಲಿ ಕಾವಲಿನಲ್ಲಿ ಇಡಲಾಗಿತ್ತು ಎನ್ನುತ್ತಾನೆ ಮಾರ್ಕ್ ವಿಲ್ಕ್ಸ್. ಪಟ್ಟಕ್ಕೆ ಬಂದ ಮೇಲೆ ಅವರು ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿದರು. ಬಾಲ್ಯದ ಒಡನಾಡಿಯೂ ಮಂತ್ರಿಯೂ ಆದ ತಿರುಮಲಾರ್ಯ ಅವರ ವಂಶದ ಕತೆ ಬರೆದ.

ಆ ಕತೆಯ ಬೇರು ಇರುವುದು ದ್ವಾರಕೆಯಲ್ಲಿ. ಯದುಕುಲದವರು ಯಾದವಗಿರಿಯ, ಅಂದರೆ ಮೇಲುಕೋಟೆಯ, ನಾರಾಯಣನ ದರ್ಶನಕ್ಕೆಂದು ಬಂದು ಈ ನಾಡಿನಲ್ಲೇ ನೆಲೆಸಿದರು. ತರಗತಿಗಳಲ್ಲಿ ಇದನ್ನು ‘ಆಸ್ಥಾನಕವಿಯ ಉತ್ಪ್ರೇಕ್ಷೆ’ ಎಂದು ಬದಿಗಿಡುತ್ತೇವೆ. ಹಾಗೆ ಬದಿಗಿಟ್ಟರೆ ಕೃತಿಯೇ ಕೈತಪ್ಪುತ್ತದೆ. ಮೂಲಪುರುಷ ನಿಜವೋ ಸುಳ್ಳೋ ಎನ್ನುವುದಕ್ಕಿಂತ, ಅವನು ಯಾರಿಗೆ, ಯಾವಾಗ ಬೇಕಾದ ಎಂದು ಕೇಳಬೇಕು. ಪಟ್ಟದಿಂದ ದೂರ ಉಳಿಯಬೇಕಾಗಿ ಬಂದವನಿಗೆ ಚಿಕ್ಕಪ್ಪನಿಗಿಂತ ಹಿಂದಿನ, ಯಾರೂ ಪ್ರಶ್ನಿಸಲಾಗದ ಹಿರಿಯನೊಬ್ಬ ಬೇಕಿದ್ದ. ಕೃಷ್ಣನಿಗಿಂತ ಹಿರಿಯ ಯಾರು? ತಿರುಮಲಾರ್ಯನ ತಮ್ಮ ಸಿಂಗರಾರ್ಯನೂ ಶ್ರೀಹರ್ಷನ ‘ರತ್ನಾವಳಿ’ಯನ್ನು ‘ಮಿತ್ರವಿಂದಾ ಗೋವಿಂದ’ವಾಗಿ ಮಾಡುವಾಗ ಉದಯನನನ್ನು ತೆಗೆದು ಕೃಷ್ಣನನ್ನು ತಂದ. ಆ ಆಸ್ಥಾನದಲ್ಲಿ ದೇವರೂ ಪೂರ್ವಿಕನೂ ಒಬ್ಬನೇ ಆಗುತ್ತಿದ್ದ ಕಾಲವದು.

ಅರಮನೆಯ ಪರಂಪರೆಯಲ್ಲಿ ಪ್ರಸಿದ್ಧವಾಗಿರುವ ಇನ್ನೊಂದು ಕತೆ ನೋಡಿ. 1399ರಲ್ಲಿ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಬಂದು ಕಾರುಗಹಳ್ಳಿಯ ಮಾರನಾಯಕನನ್ನು ಕೊಂದರು. ಯದುರಾಯ ಹದಿನಾಡಿನ ಒಡೆಯನ ಮಗಳನ್ನು ಮದುವೆಯಾದ. ಈ ಕತೆಯನ್ನೇ ನಂಬಿದರೂ, ನೆಲ ಬಂದದ್ದು ದ್ವಾರಕೆಯಿಂದಲ್ಲ, ಆ ಹೆಣ್ಣುಮಗಳಿಂದ. ಆದರೂ ವಂಶದ ಹೆಸರು ಹೊರಗಿನಿಂದ ಬಂದವನದು. ಊರಿನವಳು ಕೊಂಡಿ ಮಾತ್ರ.

ಇದೇ ಜಿಲ್ಲೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ವಂಶದ ಲೆಕ್ಕ ಬೇರೆ. ಅಲ್ಲಿ ಗುರು ನಿಡುಘಟ್ಟದ ಕುಲುಮೆಯ ಮನೆಯಿಂದ ಹುಡುಗನೊಬ್ಬನನ್ನು ಬೇಡಿ ತರುತ್ತಾನೆ, ಕಷ್ಟಗಳಿಗೆ ಒಡ್ಡಿ ತನ್ನ ಮಗನಾಗಿಸಿಕೊಳ್ಳುತ್ತಾನೆ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಅವನೇ. ಅಲ್ಲಿ ಪರಂಪರೆ ಮುಂದುವರಿಯುವುದು ರಕ್ತದಿಂದಲ್ಲ, ದೀಕ್ಷೆಯಿಂದ. ಆದರೆ ಮಗನನ್ನು ಕಳೆದುಕೊಂಡ ಮನೆಯ ಅಳುವನ್ನೂ ಆ ಹಾಡು ಬಿಡುವುದಿಲ್ಲ. ವಂಶಾವಳಿಯಲ್ಲಿ ನನಗೆ ಕಾಣದ್ದು ಇದೇ: ಒಂದು ವಂಶ ಕಟ್ಟಲು ಯಾರು ಏನು ತೆತ್ತರು ಎಂಬ ಲೆಕ್ಕ.

ನಮ್ಮ ಮನೆಯಲ್ಲೂ ತಾತ ಬರೆದಿಟ್ಟ ಒಂದು ಪಟ್ಟಿಯಿದೆ. ಏಳು ತಲೆಮಾರು, ಎಲ್ಲವೂ ಗಂಡಸರ ಹೆಸರು. ನಮ್ಮ ಜಮೀನು ಮುತ್ತಜ್ಜಿಯ ತವರಿನಿಂದ ಬಂದದ್ದು ಎಂದು ಅಜ್ಜಿ ಹೇಳುತ್ತಿದ್ದಳು. ಮುತ್ತಜ್ಜಿಯ ಹೆಸರು ಪಟ್ಟಿಯಲ್ಲಿಲ್ಲ. ತಿರುಮಲಾರ್ಯನನ್ನು ಓದಿದ ಮೇಲೆ ತಾತನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ಯಾರಿಗೋ ಏನೋ ಸಾಬೀತು ಮಾಡಬೇಕಿತ್ತೇನೋ. ಆದರೆ ಪಟ್ಟಿಯನ್ನು ಮೂಲಪುರುಷನಿಂದ ಓದುವುದನ್ನು ಬಿಟ್ಟಿದ್ದೇನೆ. ಹೆಸರಿಲ್ಲದ ಜಾಗಗಳಿಂದ ಓದುತ್ತೇನೆ.