ಅರಣ್ಯಕಾಂಡದ ಸಂಸಾರಬಂಡಿ

ಕನ್ನಡ ಸತ್ಯವೇದದ ನಾಲ್ಕನೆಯ ಪುಸ್ತಕಕ್ಕೆ ‘ಅರಣ್ಯಕಾಂಡ’ವೆಂದು ಹೆಸರು. ಇಂಗ್ಲಿಷ್ ಬೈಬಲಿನಲ್ಲಿ ಅದು ‘ನಂಬರ್ಸ್’, ಎಂದರೆ ಸಂಖ್ಯೆಗಳ ಪುಸ್ತಕ. ಇಸ್ರಾಯೇಲರು ಐಗುಪ್ತದ ದಾಸ್ಯದಿಂದ ಬಿಡಿಸಿಕೊಂಡು, ಹೆಂಡಿರು ಮಕ್ಕಳು ದನಕರುಗಳೊಡನೆ ಸೀನಾಯಿಯ ಮರುಭೂಮಿಯಲ್ಲಿ ವರ್ಷಗಟ್ಟಲೆ ಅಲೆದ ಕಥೆ ಅದರಲ್ಲಿದೆ. ಮರುಭೂಮಿಯ ಕಥೆಗೆ ಅರಣ್ಯದ ಹೆಸರೇಕೆಂದು ನಮ್ಮ ವಿದ್ವಾಂಸರಲ್ಲಿ ಕೆಲವರು ನಗುವುದುಂಟು. ಮರವಿಲ್ಲದ ಮರಳಿನಲ್ಲಿ ಪಾದ್ರಿಗಳು ಕಾಡು ಬೆಳೆಸಿದರೆಂಬ ಚಟಾಕಿಯನ್ನು ನಾನೂ ಕೇಳಿದ್ದೇನೆ. ಈ ನಗೆಯಲ್ಲಿ ಅವಸರವಿದೆ. ಮಿಷನರಿ ಗದ್ಯದ ತೊಡಕುಗಳು ಹಲವಿರಬಹುದು. ಈ ಹೆಸರು ಅವುಗಳಲ್ಲೊಂದಲ್ಲ. ಆ ಗದ್ಯವನ್ನು ಮತ್ತೊಮ್ಮೆ ಓದುವುದಕ್ಕೆ ಇದೇ ಬಾಗಿಲಾದೀತೆಂದು ನನ್ನ ಅಭಿಪ್ರಾಯ.

ಮೊದಲು ಮಾತಿನ ವಿಚಾರ. ಹೀಬ್ರೂ ಭಾಷೆಯಲ್ಲಿ ಈ ಪುಸ್ತಕದ ಹೆಸರು ‘ಬೆಮಿದ್‌ಬಾರ್’. ‘ಮಿದ್‌ಬಾರಿನಲ್ಲಿ’ ಎಂದು ಅದರ ಅರ್ಥ. ಮಿದ್‌ಬಾರ್ ಎಂದರೆ ಮರಳುದಿಬ್ಬಗಳ ಸಾಲಲ್ಲ. ಊರಿಲ್ಲದ, ಉಳುಮೆಯಿಲ್ಲದ, ಕುರಿಮಂದೆಯನ್ನು ಹೊಡೆದುಕೊಂಡು ಹೋಗಿ ಮೇಯಿಸುವ ಬಯಲು. ಹೀಗಾಗಿ ಇಂಗ್ಲಿಷಿನ ಹೆಸರಿಗಿಂತ ಕನ್ನಡದ ಹೆಸರೇ ಮೂಲಕ್ಕೆ ಹತ್ತಿರ. ಇನ್ನು ಸಂಸ್ಕೃತದ ‘ಅರಣ್ಯ’ವಾದರೂ ಮೂಲದಲ್ಲಿ ಮರಗಳ ಗುಂಪನ್ನು ಹೇಳುವ ಮಾತಲ್ಲ. ‘ಅರಣ’ವೆಂದರೆ ದೂರದ್ದು, ಪರಕೀಯವಾದದ್ದು. ಗ್ರಾಮಕ್ಕೆ ಎದುರಾದದ್ದು ಅರಣ್ಯ. ಅಲ್ಲಿ ಮರವಿದ್ದರೂ ಸರಿ, ಇಲ್ಲದಿದ್ದರೂ ಸರಿ.

ಅಚ್ಚಗನ್ನಡದಲ್ಲಿಯೂ ಇದೇ ಮಾತು. ಮರುಭೂಮಿಗೆ ನಾವು ‘ಬೆಂಗಾಡು’ ಎನ್ನುತ್ತೇವೆ, ‘ಮರಳುಗಾಡು’ ಎನ್ನುತ್ತೇವೆ. ಹೆಣ ಸುಡುವ ತಾಣ ‘ಸುಡುಗಾಡು’. ಮೂರರಲ್ಲಿಯೂ ಕಾಡು ಇದೆ, ಒಂದರಲ್ಲಿಯೂ ಮರ ಮುಖ್ಯವಲ್ಲ. ಹಳೆಯ ಕನ್ನಡ ಬೈಬಲಿನಲ್ಲಿ ಯೋಹಾನನು ಬೋಧಿಸಿದ್ದು ‘ಅಡವಿ’ಯಲ್ಲಿ. ಮೈಸೂರಿನ ಕಡೆಯ ಓದುಗರಿಗೆ ಅಡವಿಯೆಂದೊಡನೆ ತೇಗ, ಬಿದಿರು, ಆನೆ ಕಣ್ಣಮುಂದೆ ಬರುತ್ತವೆ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆ ಹಾಗಲ್ಲ. ತರಗತಿಯಲ್ಲಿ ಈ ಪ್ರಸ್ತಾಪ ಬಂದಾಗ ಮಸ್ಕಿಯ ಕಡೆಯ ಕುರಿಗಾರರ ಮನೆಯ ಹುಡುಗನೊಬ್ಬ, “ನಮ್ಮಪ್ಪ ಅಡವ್ಯಾಗ ಅದಾನ ಅಂದ್ರ ಗಿಡಗಂಟ್ಯಾಗ ಅದಾನಂತ ಅಲ್ರೀ ಸರ, ಊರಾಗ ಇಲ್ಲಂತ” ಎಂದ. ನಿಘಂಟುಗಳನ್ನು ತಿರುವಿ ನಾನು ಹೇಳಬೇಕಾಗಿದ್ದುದನ್ನು ಅವನು ಒಂದೇ ಉಸಿರಿನಲ್ಲಿ ಹೇಳಿ ಕುಳಿತ. ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಬಳ್ಳಾರಿಯಲ್ಲಿ ಕುಳಿತು ಬೈಬಲನ್ನು ಕನ್ನಡಕ್ಕೆ ತಂದವನು. ೧೮೩೧ರ ವೇಳೆಗೆ ಇಡೀ ಗ್ರಂಥ ಕನ್ನಡದಲ್ಲಿತ್ತು. ತುಂಗಭದ್ರೆಯ ಆ ದಂಡೆಯ ಮಾತಿಗೂ ಈ ದಂಡೆಯ ಮಾತಿಗೂ ಅಂತರ ಬಹಳವಿಲ್ಲ.

ಆದರೆ ಈ ಹೆಸರಿನಿಂದ ನಷ್ಟವೇ ಇಲ್ಲವೆಂದರೆ ತಪ್ಪಾದೀತು. ಅರಣ್ಯಕಾಂಡವೆಂದೊಡನೆ ಕನ್ನಡ ವಾಚಕನಿಗೆ ನೆನಪಾಗುವುದು ರಾಮಾಯಣ. ಅದೂ ಒಂದು ಸಂಸಾರದ ಪ್ರಯಾಣವೇ: ಗಂಡ, ಹೆಂಡತಿ, ಮೈದುನ. ಅಲ್ಲಿಯ ಅರಣ್ಯ ಕಂದಮೂಲಗಳನ್ನು ಕೊಡುತ್ತದೆ, ಆಶ್ರಮಗಳ ಆತಿಥ್ಯ ಕೊಡುತ್ತದೆ, ಗೋದಾವರಿಯ ದಂಡೆಯಲ್ಲಿ ಪರ್ಣಶಾಲೆಗೆ ಎಡೆ ಕೊಡುತ್ತದೆ. ಅಲ್ಲಿ ಭಯವೆಂದರೆ ರಾಕ್ಷಸರ ಭಯ. ಮೋಶೆಯ ಅರಣ್ಯದಲ್ಲಿ ರಾಕ್ಷಸರಿಲ್ಲ, ನೀರಿಲ್ಲ, ಅಷ್ಟೇ. ಹಸಿರನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವನಿಗೆ ಬಂಡೆಯಿಂದ ನೀರು ಹೊರಟದ್ದು ಒಂದು ಪವಾಡವಾಗಿ ಕಾಣಬಹುದೇ ಹೊರತು ಗಂಟಲು ಒಣಗಿದ ಅನುಭವವಾಗುವುದಿಲ್ಲ. ಈಚಿನ ಅನುವಾದದಲ್ಲಿ ಅಡವಿಯನ್ನು ಬಿಟ್ಟು ಬೆಂಗಾಡನ್ನು ಹಿಡಿದದ್ದು ಈ ಕಾರಣಕ್ಕೇ ಇರಬೇಕು. ಬೆಂಗಾಡು ಒಳ್ಳೆಯ ಮಾತು. ಅದರಲ್ಲಿ ಬೇಗೆ ಇದೆ. ಆದರೆ ನಮ್ಮ ಹುಡುಗರು ಬೆಂಗಾಡಿಗೆ ದಿನವೂ ಹೋಗಿಬರುವುದಿಲ್ಲ, ಅಡವಿಗೆ ಹೋಗಿಬರುತ್ತಾರೆ. (ನೀರಿಲ್ಲದ ಅಡವಿಯನ್ನು ಸಿಂಧನೂರಿನಲ್ಲಿ ಈಗ ತೋರಿಸುವುದೂ ಕಷ್ಟ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಬಂದಮೇಲೆ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಬಂಡೆಯ ನೀರಿನ ಕಥೆಯ ಅರ್ಥವನ್ನು ಇಂದು ಚೆನ್ನಾಗಿ ಬಲ್ಲವನು ಕಾಲುವೆಯ ಕೊನೆಯ ಭಾಗದ ರೈತ.)

ಇಂಗ್ಲಿಷಿನ ‘ಸಂಖ್ಯೆ’ ಎಲ್ಲಿಂದ ಬಂತು? ಪುಸ್ತಕದ ಮೊದಲಿಗೆ ಜನಗಣತಿಯಿದೆ: ಯುದ್ಧಕ್ಕೆ ಹೋಗಬಲ್ಲ ಗಂಡಸರು ೬,೦೩,೫೫೦. ಹೆಂಗಸರನ್ನೂ ಮಕ್ಕಳನ್ನೂ ಎಣಿಸಿಲ್ಲ. ಸ್ವಾರಸ್ಯವೆಂದರೆ, ಎಣಿಸದೆ ಬಿಟ್ಟವರೇ ಮುಂದೆ ಕಥೆಯನ್ನು ನಡೆಸುತ್ತಾರೆ. ಪ್ರಯಾಣ ಹೊರಟು ಬಹಳ ದಿನವಾಗುವ ಮೊದಲೇ ಅಡಿಗೆಯ ಗೊಣಗಾಟ ಮೊದಲಾಗುತ್ತದೆ. ಐಗುಪ್ತದ ಮೀನು, ಸೌತೆಕಾಯಿ, ಕರ್ಬೂಜ, ಉಳ್ಳಾಗಡ್ಡಿ, ಬೆಳ್ಳುಳ್ಳಿಗಳನ್ನು ನೆನೆದು ಜನ ಅಳುತ್ತಾರೆ. ದಾಸ್ಯವನ್ನು ಮರೆತು ಒಗ್ಗರಣೆಯನ್ನು ನೆನೆಯುವ ಈ ಜನ ನಮಗೆ ಅಪರಿಚಿತರೇನಲ್ಲ. ಆಮೇಲೆ ಮನೆಯ ಜಗಳ. ಮೋಶೆ ಮಾಡಿಕೊಂಡ ಹೆಂಡತಿಯ ವಿಷಯವಾಗಿ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಆಡಿಕೊಳ್ಳುತ್ತಾರೆ. ಮಿರ್ಯಾಮಳಿಗೆ ಕುಷ್ಠ ಹತ್ತುತ್ತದೆ. ಏಳು ದಿನ ಪಾಳೆಯದ ಹೊರಗಿರಬೇಕಾಗುತ್ತದೆ. ಜೊತೆಗೇ ಆಡಿಕೊಂಡ ಆರೋನನಿಗೆ ಏನೂ ಆಗುವುದಿಲ್ಲ! ಇದನ್ನು ನ್ಯಾಯವೆಂದು ಒಪ್ಪುವುದು ನನ್ನಿಂದಾಗದು. ಆದರೆ ಮುಂದಿನ ಸಂಗತಿಯನ್ನು ನೋಡಿ: ಅವಳು ಮರಳಿ ಒಳಗೆ ಬರುವತನಕ ಜನ ಮುಂದಕ್ಕೆ ಹೊರಡಲಿಲ್ಲ. ಲಕ್ಷಗಟ್ಟಲೆ ಜನದ ಪಯಣ ಮನೆಯ ಒಬ್ಬ ಹೆಣ್ಣುಮಗಳಿಗಾಗಿ ಏಳು ದಿನ ನಿಂತಿತು. ಪ್ರವಾಸ ಸಾಹಿತ್ಯವೆಂದು ನಾವು ಓದುವ ಎಷ್ಟು ಪುಸ್ತಕಗಳಲ್ಲಿ ಇಂಥ ಒಂದು ನಿಲುಗಡೆ ಇದೆ? ಮುಂದೆ ಚಲ್ಪಹಾದನ ಐವರು ಹೆಣ್ಣುಮಕ್ಕಳು ಬಂದು, ಗಂಡುಮಕ್ಕಳಿಲ್ಲದ ತಮ್ಮ ತಂದೆಯ ಪಾಲನ್ನು ತಮಗೆ ಕೊಡಬೇಕೆಂದು ಕೇಳಿ ಪಡೆಯುತ್ತಾರೆ. ಐವರ ಹೆಸರನ್ನೂ ಗ್ರಂಥ ಬಿಡದೆ ಹೇಳುತ್ತದೆ.

ಈ ಪಯಣದ ಆಹಾರವಾದ ಮನ್ನದ ಕಥೆ ವಿಮೋಚನಕಾಂಡದಲ್ಲಿಯೇ ಬಂದಿದೆ. ಬೆಳಗಿನ ಇಬ್ಬನಿಯೊಡನೆ ಬಿದ್ದ ಮನ್ನವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕು. ನಾಳೆಗೆಂದು ಇಟ್ಟರೆ ಹುಳ ಬೀಳುತ್ತದೆ. ಇದನ್ನು ಓದುವಾಗ ಲಿಂಗಸುಗೂರು ತಾಲ್ಲೂಕಿನವನಿಗೆ ಇನ್ನೊಂದು ಕಥೆ ನೆನಪಾಗದಿರದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಈ ತಾಲ್ಲೂಕಿನ ಅಮರೇಶ್ವರದವರೆಂದು ಪ್ರತೀತಿ. ಕಲ್ಯಾಣದಲ್ಲಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕದ್ದನ್ನು ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಎರಡು ಕಥೆಗಳಲ್ಲಿಯೂ ಅಳತೆ ಒಂದೇ, ಅಂದಂದಿನ ಹಸಿವು. ವ್ಯತ್ಯಾಸವೂ ಸಣ್ಣದಲ್ಲ. ಅಲ್ಲಿ ಹೆಚ್ಚನ್ನು ತಡೆಯುವುದು ಹುಳ. ಇಲ್ಲಿ ತಡೆಯುವುದು ಹೆಂಡತಿಯ ಮಾತು. ಅಲ್ಲಿ ಅಪ್ಪಣೆ, ಇಲ್ಲಿ ವಿವೇಕ. ಕಾವ್ಯವಾಗಿ ನೋಡಿದರೆ ಲಕ್ಕಮ್ಮನದೇ ಮೇಲೆಂದು ನನಗನ್ನಿಸುತ್ತದೆ. ಎರಡನ್ನೂ ಒಂದೇ ಭಾಷೆಯಲ್ಲಿ ಓದಿಕೊಂಡ ಮೇಲಲ್ಲವೆ ಹೀಗೆ ತೂಗುವ ಮಾತು?

ಅರಣ್ಯವನ್ನು ದಾಟುವ ಕ್ರೈಸ್ತ ಸಂಸಾರವೊಂದು ಕಥೆಯ ರೂಪದಲ್ಲಿ ಬಂದದ್ದು ಜಾನ್ ಬನ್ಯನ್ನನ ಕೃತಿಯಲ್ಲಿ. ಅದು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಲ್ಲಿ ೧೮೪೭ರಲ್ಲಿ ಬಾಸೆಲ್ ಮಿಷನ್ನಿನ ವೈಗಲ್ ಅವರಿಂದ ಕನ್ನಡಕ್ಕೆ ಬಂದಿತೆಂದು ನಮ್ಮ ವಿದ್ಯಾರ್ಥಿಗಳೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ, ಓದುವುದಿಲ್ಲ. ಬನ್ಯನ್ ತನ್ನ ಕಥೆಯನ್ನು ಆರಂಭಿಸುವುದೇ ಈ ಲೋಕವನ್ನು ಒಂದು ಅಡವಿಯೆಂದು ಭಾವಿಸಿ. ೧೬೭೮ರ ಮೊದಲನೆಯ ಭಾಗದಲ್ಲಿ ಕಥಾನಾಯಕ, ಹೆಂಡತಿ ಮಕ್ಕಳು ಕೂಗುತ್ತಿದ್ದರೂ ಕಿವಿಯಲ್ಲಿ ಬೆರಳಿಟ್ಟುಕೊಂಡು ಓಡುತ್ತಾನೆ. ಗೃಹತ್ಯಾಗದ ಈ ಚಿತ್ರ ನಮಗೆ ಹೊಸದಲ್ಲ. ಹಾಗೆ ಬಿಟ್ಟುಹೋದವನ ಮನೆಯಲ್ಲಿ ಉಳಿದವಳ ಪಾಡನ್ನು ಮಾಸ್ತಿಯವರು ‘ಯಶೋಧರಾ’ ನಾಟಕದಲ್ಲಿ ತೋರಿಸಿದ್ದಾರೆ. ಬನ್ಯನ್ನನಿಗೂ ಆ ಮನೆಯ ನೆನಪು ಕಾಡಿರಬೇಕು. ೧೬೮೪ರಲ್ಲಿ ಎರಡನೆಯ ಭಾಗ ಬರೆದು ಹೆಂಡತಿ ಕ್ರಿಸ್ಟಿಯಾನಳನ್ನೂ ನಾಲ್ವರು ಮಕ್ಕಳನ್ನೂ ಅದೇ ದಾರಿಯಲ್ಲಿ ಹೊರಡಿಸಿದ.

ಇಂಗ್ಲಿಷ್ ವಿಮರ್ಶಕರಲ್ಲಿ ಅನೇಕರು ಎರಡನೆಯ ಭಾಗವನ್ನು ಮೊದಲನೆಯದಕ್ಕಿಂತ ಸಪ್ಪೆಯೆನ್ನುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಜೊತೆಗೆ ಬಂದ ವೀರ ಮಾರ್ಗದರ್ಶಿ ದೈತ್ಯರನ್ನೆಲ್ಲ ಕೊಂದು ಹಾಕುವುದರಿಂದ ಅಪಾಯದ ಬಿಸಿ ತಗ್ಗಿದೆ. ಆದರೆ ಪ್ರಯಾಣದ ನಿಜವಾದ ವಿವರಗಳಿರುವುದು ಇಲ್ಲಿಯೇ. ಗುಡ್ಡದ ನಡುವಿನ ಚಪ್ಪರದಲ್ಲಿ ದಣಿವಾರಿಸಿಕೊಂಡು ಎದ್ದಾಗ ತಾಯಿ ತನ್ನ ಸೀಸೆಯನ್ನು ಮರೆತು ಬರುತ್ತಾಳೆ. ತರುವುದಕ್ಕೆ ಚಿಕ್ಕ ಮಗನನ್ನು ಓಡಿಸುತ್ತಾಳೆ. ದೊಡ್ಡ ಮಗ ದಾರಿಯ ಬದಿಯ ಹಣ್ಣನ್ನು ತಿಂದು ಹೊಟ್ಟೆನೋವಿನಿಂದ ಒದ್ದಾಡುತ್ತಾನೆ. ಅವನಿಗೆ ಔಷಧಿ ಕುಡಿಸುವುದಕ್ಕೆ ತಾಯಿ ತಾನೇ ರುಚಿ ನೋಡಿ ತೋರಿಸಬೇಕಾಗುತ್ತದೆ. ದಾರಿಯಲ್ಲಿಯೇ ಮಕ್ಕಳು ಬೆಳೆದು ದೊಡ್ಡವರಾಗಿ, ದಾರಿಯಲ್ಲಿಯೇ ಮದುವೆಗಳೂ ಆಗುತ್ತವೆ. ಕುಂಟರಿದ್ದಾರೆ, ಅಳುಕುವವರಿದ್ದಾರೆ, ಎಲ್ಲರ ನಡೆಗೆ ತಕ್ಕಂತೆ ಯಾತ್ರೆ ನಿಧಾನವಾಗುತ್ತದೆ. ಒಬ್ಬನೇ ಓಡಿದವನ ಮುಕ್ತಿಗಿಂತ ಈ ಕುಂಟುನಡೆ ನನಗೆ ಹಿಡಿಸುತ್ತದೆ. ಮಿರ್ಯಾಮಳಿಗಾಗಿ ನಿಂತ ಜನದ ವಂಶದವರು ಇವರು.

ಅಮೆರಿಕದಲ್ಲಿ ಈ ವಂಶ ಇನ್ನೂ ನಡೆದಿದೆ, ಮೋಟಾರಿನಲ್ಲಿ. ಅಡಿಗೆಮನೆ, ಮಂಚ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೊಂಡ ಮನೆಗಾಡಿಗಳಿಗೆ ಅಲ್ಲಿ ‘ಆರ್.ವಿ.’ ಎನ್ನುತ್ತಾರೆ. ಕ್ರೈಸ್ತ ಸಂಸಾರಗಳು ಇವುಗಳಲ್ಲಿ ಪಶ್ಚಿಮದ ಮರುಭೂಮಿಗಳನ್ನು ಸುತ್ತಿ ಬಂದು ‘ಸಾಕ್ಷಿ’ಯ ರೂಪದಲ್ಲಿ ಬರೆಯುವುದುಂಟು. ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ‘ಯೆಹೋಶುವನ ಮರ’ವೆಂಬ ವಿಚಿತ್ರ ಗಿಡವಿದೆ, ಅದರ ಎತ್ತಿದ ಕೊಂಬೆಗಳಲ್ಲಿ ಯೆಹೋಶುವನ ಕೈಗಳನ್ನು ಕಂಡು ಮೊರ್ಮನ್ ವಲಸೆಗಾರರು ಆ ಹೆಸರಿಟ್ಟರೆಂದು ಹೇಳುತ್ತಾರೆ. ಅದರ ಹೆಸರಿನ ರಾಷ್ಟ್ರೀಯ ಉದ್ಯಾನ ೧೯೯೪ರಿಂದ ಇದೆ. ನೆಲವನ್ನೇ ಗ್ರಂಥವಾಗಿ ಓದಿದ ಜನ! ಆದರೆ ಇಂಥ ಸಾಕ್ಷಿಗಳಲ್ಲಿ ನಾನು ಕಾಣುವ ದೋಷ ಒಂದೇ. ಟೈರು ಒಡೆದರೆ ಅದೊಂದು ಪಾಠ, ದಾರಿ ತಪ್ಪಿದರೆ ಇನ್ನೊಂದು ಪಾಠ. ಸಂಜೆಯೊಳಗೆ ಪ್ರತಿಯೊಂದಕ್ಕೂ ಅರ್ಥ ಸಿಕ್ಕೇ ಸಿಗಬೇಕು. ತೊಟ್ಟಿಯಲ್ಲಿ ನೀರಿರುವವನಿಗೆ ಅರ್ಥ ಬೇಗ ಸಿಗುತ್ತದೆಂದು ಕಾಣುತ್ತದೆ. ಅರಣ್ಯಕಾಂಡ ಇಷ್ಟು ಧಾರಾಳಿಯಲ್ಲ. ಅಷ್ಟು ವರ್ಷ ನಡೆಸಿಕೊಂಡು ಬಂದ ಮೋಶೆಗೇ ಅದು ಆ ನಾಡಿನೊಳಗೆ ಕಾಲಿಡಲು ಬಿಡುವುದಿಲ್ಲ.

ನಮಗೆ ಮನೆಗಾಡಿ ಅಪರಿಚಿತವೆಂದು ತಿಳಿಯಬೇಕಾಗಿಲ್ಲ. ಸವಾರಿ ಬಂಡಿಯಲ್ಲಿ ಹಿಟ್ಟುಬೇಳೆ ಕಟ್ಟಿಕೊಂಡು, ದಾರಿಯಲ್ಲಿ ಒಲೆ ಹೂಡಿ, ರಾತ್ರಿ ಬಂಡಿಯ ಕೆಳಗೇ ಮಲಗಿ ಜಾತ್ರೆಗೆ ಹೋಗಿಬಂದ ಅಜ್ಜಿಯರು ನಮ್ಮ ಮನೆಗಳಲ್ಲಿದ್ದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಬಹು ಹಳೆಯದೊಂದು ರೋಮನ್ ಕ್ಯಾಥೊಲಿಕ್ ಸಮುದಾಯವಿದೆ. ಹಳೆಯ ಗ್ಯಾಸೆಟಿಯರು ಅದರ ಮೂಲವನ್ನು ಸಂತ ಫ್ರಾನ್ಸಿಸ್ ಜೇವಿಯರರ ಕಡೆಯ ಮಿಷನರಿಗಳವರೆಗೆ ಒಯ್ಯುತ್ತದೆ. ಮುದಗಲ್ಲಿನ ಕೋಟೆಯ ಬಗ್ಗೆ, ಮೊಹರಮ್ಮಿನ ಬಗ್ಗೆ ನಾವು ಬರೆದಿದ್ದೇವೆ. ಮಸ್ಕಿಯಲ್ಲಿ ೧೯೧೫ರಲ್ಲಿ ಸಿಕ್ಕ ಅಶೋಕನ ಶಾಸನದ ಬಗ್ಗೆ ಎಷ್ಟೋ ಬರೆದಿದ್ದೇವೆ. ಕ್ರೈಸ್ತರ ಕನ್ನಡವನ್ನು ಮಾತ್ರ ‘ಮಿಷನರಿಗಳ ಸೇವೆ’ ಎಂಬ ಅಧ್ಯಾಯದಲ್ಲಿ, ಅಚ್ಚುಕೂಟ ಮತ್ತು ನಿಘಂಟುಗಳ ಪಕ್ಕದಲ್ಲಿ ಕೂರಿಸಿ ಬಿಟ್ಟಿದ್ದೇವೆ. ಸೇವೆಗೆ ವಂದನೆ ಸಲ್ಲುತ್ತದೆ, ಓದು ಸಲ್ಲುವುದಿಲ್ಲ. ಆ ಕನ್ನಡವನ್ನು ಪ್ರತಿ ಭಾನುವಾರ ಕೇಳುತ್ತ ಬೆಳೆದ ಹುಡುಗಿ ನಮ್ಮ ಪದವಿ ತರಗತಿಗೆ ಬಂದಾಗ, ಅವಳ ಮನೆಯ ಮಾತು ಸಾಹಿತ್ಯದ ಹೊಸಿಲ ಹೊರಗೆ ನಿಂತಿರುತ್ತದೆ. ಏಳು ದಿನಕ್ಕೆ ಮುಗಿಯುವ ನಿಲುಗಡೆಯೂ ಅದಲ್ಲ.

ಪದವಿ ತರಗತಿಗಳ ಗದ್ಯಸಂಕಲನಗಳಿಗೆ ಪುರಾಣ, ವಚನ, ಕೀರ್ತನೆಗಳ ಜೊತೆಯಲ್ಲಿ ಕನ್ನಡ ಬೈಬಲಿನ ಎರಡು ಪುಟಗಳನ್ನು ಸೇರಿಸುವುದಕ್ಕೆ ಯಾರ ಅಡ್ಡಿಯೂ ಇರಲಾರದು. ಸಂಪಾದಕರು ಉಪದೇಶದ ಭಾಗಗಳಿಗೆ ಕೈಹಾಕದೆ ಅರಣ್ಯಕಾಂಡದ ಹನ್ನೊಂದು, ಹನ್ನೆರಡನೆಯ ಅಧ್ಯಾಯಗಳನ್ನು ಆರಿಸಿಕೊಳ್ಳಲಿ. ಉಳ್ಳಾಗಡ್ಡಿಯ ಗೊಣಗಾಟವೂ ಮಿರ್ಯಾಮಳ ಏಳು ದಿನಗಳೂ ಅಲ್ಲಿಯೇ ಇವೆ. ಅಡವಿಯ ಅರ್ಥಕ್ಕೆ ಅಡಿಟಿಪ್ಪಣಿ ಬರೆಯುವ ಕೆಲಸವನ್ನು ಮಸ್ಕಿಯ ಆ ಹುಡುಗನಿಗೆ ಬಿಡಬಹುದು.